ಹೊಗೆ ಎಳೆಯುತ್ತಿದ್ದ ಪೆಟ್ಟಿಗೆ

ನನ್ನ ಅಂಗಡಿಗೆ ಗೇಮಿಂಗ್ ಕಂಪ್ಯೂಟರ್ ಕೇಳಿಕೊಂಡು ಬರುವವರು ಮೊದಲು ವಿಚಾರಿಸುವುದು ದೀಪಗಳನ್ನು. ಎಷ್ಟು ಫ್ಯಾನಿಗೆ ದೀಪ ಇದೆ, ಯಾವ ಯಾವ ಬಣ್ಣ ಬರುತ್ತದೆ, ಗಾಜಿನ ಬಾಗಿಲು ಇದೆಯೋ ಇಲ್ಲವೋ. ಒಳಗಿನ ಎಸ್‌ಎಂಪಿಎಸ್, ಅಂದರೆ ಇಡೀ ಯಂತ್ರಕ್ಕೆ ಕರೆಂಟ್ ಹಂಚುವ ಡಬ್ಬಿ, ಯಾವುದು ಎಂದು ಆಳಂದದಲ್ಲಿ ಇದುವರೆಗೆ ಯಾರೂ ಕೇಳಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಹಾಗೆ. ಆದ್ದರಿಂದ ಬುರ್ಖಾ ತೊಟ್ಟ ಹೆಣ್ಣುಮಗಳೊಬ್ಬಳು ಗಂಡನ ಜೊತೆ ಬಂದು ಕುಳಿತು, "ಅಣ್ಣಾ, ದೀಪ ಬ್ಯಾಡ್ರಿ. ಎಸ್‌ಎಂಪಿಎಸ್ ಯಾವ್ದು ಹಾಕ್ತೀರಿ, ಅದನ್ನ ಮೊದ್ಲು ಹೇಳ್ರಿ" ಎಂದಾಗ ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ.

ಗಂಡನದು ಊರಲ್ಲೇ ಬೀಜ-ಗೊಬ್ಬರದ ಅಂಗಡಿ. ಆಕೆ ಕಲಬುರಗಿಯಿಂದ ಈ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ತವರಿನಲ್ಲಿ ಅಣ್ಣಂದಿರ ಜೊತೆ ಕುಳಿತು ಗುಂಡು ಹಾರಿಸುವ ಆಟ ಆಡಿ ಕೈ ಪಳಗಿಸಿಕೊಂಡಿದ್ದಳು. ಈಗ ಬೇರೆ ಬೇರೆ ಊರಿನ ಹುಡುಗಿಯರ ಐದು ಜನರ ತಂಡವೊಂದು ಆಕೆಯನ್ನು ಸೇರಿಸಿಕೊಂಡಿತ್ತು. ಬೇಸಿಗೆ ಶುರುವಾಗುವ ಮೊದಲು ಅವರದೊಂದು ಅರ್ಹತಾ ಪಂದ್ಯ. ಆಕೆ ಆಡುತ್ತಿದ್ದ ಹಳೆಯ ಲ್ಯಾಪ್‌ಟಾಪ್ ಆಟದ ನಡುವೆ ಎರಡು ಸಲ ನಿಂತುಹೋಗಿತ್ತು. "ಇನ್ನೊಂದ್ಸಲ ಆಟದ ನಡುವ ಕಡ್ಕೊಂಡು ಹೋದ್ರ ನನ್ನ ಜಾಗಕ್ಕ ಬ್ಯಾರೆ ಹುಡುಗಿನ್ನ ತಗೋತಾರಂತ್ರಿ" ಎಂದಳು. ಅದನ್ನು ಹೇಳುವಾಗ ಮಾತ್ರ ದನಿ ತಗ್ಗಿತು.

"ಮನ್ಯಾಗ ಒಪ್ಪ್ಯಾರೇನ್ರಿ?" ಎಂದೆ. ಮನೆಯ ಒಪ್ಪಿಗೆ ಇಲ್ಲದೆ ಕೊಂಡ ಯಂತ್ರ ಮೂರೇ ದಿನಕ್ಕೆ ವಾಪಸ್ ಬರುತ್ತದೆಂಬುದು ನನ್ನ ಅನುಭವ.

"ಅಂಗಡಿ ಬಿಲ್ಲಿಗಿ ಅಂತ ಅಮ್ಮಿ ಒಪ್ಪ್ಯಾರ್ರಿ" ಎಂದ ಗಂಡ, ತನ್ನ ತಾಯಿಯ ಮಾತೆತ್ತಿ. "ಆಟದ್ದೂ ಹೇಳೇವಿ. ಹೂಂ ಅಂದಿಲ್ಲ, ಊಂಹೂಂ ಅಂದಿಲ್ಲ."

ಬಿಡಿಭಾಗ ಆರಿಸಲು ಕುಳಿತೆವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಗಂಡನಿಗೆ ಬಿಲ್ಲು ಕಾಣುವಂತೆ ದೊಡ್ಡ ಪರದೆ ಬೇಕು, ಹೆಂಡತಿಗೆ ಸಣ್ಣದಾದರೂ ವೇಗದ ಪರದೆ ಬೇಕು. ಗ್ರಾಫಿಕ್ಸ್ ಕಾರ್ಡ್ ದೊಡ್ಡದಾದಷ್ಟೂ ಆಟ ಚೆನ್ನಾಗಿ ಓಡುತ್ತದೆಂದು ಗಂಡನಿಗೆ ಯಾರೋ ಹೇಳಿದ್ದರು. ಆಕೆಯ ಆಟಕ್ಕೆ ಅದು ಪೂರಾ ನಿಜವಲ್ಲ. ಅದು ಚಿತ್ರದ ಚೆಂದ ಬೇಡುವ ಆಟವಲ್ಲ, ವೇಗ ಬೇಡುವ ಆಟ. ಅಂಥದ್ದರಲ್ಲಿ ಪ್ರೊಸೆಸರ್ ಸೊರಗಿದರೆ ಎಷ್ಟು ದೊಡ್ಡ ಕಾರ್ಡಿದ್ದರೂ ಸುಮ್ಮನೆ ಕಾಯುತ್ತಾ ಕೂರುತ್ತದೆ. ಮಧ್ಯಮ ಬಜೆಟ್ಟಿನಲ್ಲಿ ಒಂದಕ್ಕೆ ಹೆಚ್ಚು ಸುರಿದರೆ ಇನ್ನೊಂದಕ್ಕೆ ಕಡಿಮೆ ಬೀಳುತ್ತದೆ. ಆರು ಕೋರಿನ ಒಳ್ಳೆಯ ಪ್ರೊಸೆಸರ್ ಹಿಡಿದು, ಕಾರ್ಡನ್ನು ಒಂದು ಮೆಟ್ಟಿಲು ಕೆಳಗಿಳಿಸಿದೆವು. ರ‍್ಯಾಮ್ ಹದಿನಾರು ಜಿಬಿಯ ಒಂದೇ ಪಟ್ಟಿಯ ಬದಲು ಎಂಟೆಂಟರ ಎರಡು ಪಟ್ಟಿ. ಜೋಡಿಯಾಗಿ ಹಾಕಿದರೆ ಪ್ರೊಸೆಸರಿಗೆ ದತ್ತಾಂಶ ಬೇಗ ಸಿಗುತ್ತದೆ. ಪರದೆಯ ಜಗಳದಲ್ಲಿ ಗೆದ್ದವಳು ಹೆಂಡತಿ.

ಎಸ್‌ಎಂಪಿಎಸ್ ಮಾತ್ರ ನಾನು ಯಾರ ಮಾತನ್ನೂ ಕೇಳದೆ ಹಾಕಿದೆ. ಮಧ್ಯಾಹ್ನ ಪಂಪ್‌ಸೆಟ್‌ಗಳು ಶುರುವಾದವೆಂದರೆ ನಮ್ಮಲ್ಲಿ ವೋಲ್ಟೇಜ್ ಕುಸಿಯುತ್ತದೆ. ಅಗ್ಗದ ಡಬ್ಬಿ ಹಾಕಿಸಿಕೊಂಡ ಜೇವರ್ಗಿಯ ಗಿರಾಕಿಯೊಬ್ಬರ ಯಂತ್ರ ಮದರ್‌ಬೋರ್ಡ್ ಸಮೇತ ಸುಟ್ಟು ಬಂದಿದ್ದನ್ನು ನಾನೇ ಬಿಚ್ಚಿ ನೋಡಿದ್ದೆ. ಕ್ಯಾಬಿನೆಟ್ಟಿನ ವಿಷಯದಲ್ಲೂ ನನ್ನದೇ ಹಟ. ನಮ್ಮ ಬಿಸಿಲಿಗೆ ಮುಚ್ಚಿದ ಪೆಟ್ಟಿಗೆ ಎಂದರೆ ಕುಲುಮೆ. ಮುಂಭಾಗ ಪೂರ್ತಿ ಜಾಲರಿ ಇರುವ ಕ್ಯಾಬಿನೆಟ್ ಆರಿಸಿದೆ. ಆ ಜಾಲರಿಯ ಹಿಂದೆ ಮೂರು ಫ್ಯಾನು, ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯುವಂತೆ. ಹಿಂದೊಂದು, ಬಿಸಿಗಾಳಿಯನ್ನು ಹೊರಗೆ ನೂಕಲು. ಈ ಆಯ್ಕೆಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಕಾರ್ಡ್ ಹೈದರಾಬಾದಿನಿಂದ ಬಸ್ ಪಾರ್ಸೆಲ್ಲಿನಲ್ಲಿ ಬಂತು, ಉಳಿದದ್ದು ಕಲಬುರಗಿಯಿಂದ. ಜೋಡಿಸಿ, ಅಂಗಡಿಯಲ್ಲೇ ಪ್ರೊಸೆಸರನ್ನೂ ಕಾರ್ಡನ್ನೂ ಏಕಕಾಲಕ್ಕೆ ದುಡಿಸುವ ಪರೀಕ್ಷೆ ಹಚ್ಚಿದೆ. ಎರಡೂ ತಣ್ಣಗೆ ಓಡಿದವು. ಮನೆಗೆ ಒಯ್ದು ಕೂಡಿಸಿದ ದಿನ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಎತ್ತರದ ಹೆಂಗಸು, ಮಾತು ಕಡಿಮೆ. "ಬಿಲ್ ಮಾಡ್ಲಿಕ್ಕ ಇಷ್ಟ ದೊಡ್ಡ ಡಬ್ಬಿ ಬೇಕೇನ್ ತಮ್ಮಾ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಚಹಾ ತರಲು ಒಳಗೆ ಹೋದರು.

ಕೆಲವು ವಾರ ಸುದ್ದಿ ಇರಲಿಲ್ಲ. ಗಿರಾಕಿಯ ಫೋನ್ ಬರಲಿಲ್ಲವೆಂದರೆ ನಮ್ಮ ಧಂದೆಯಲ್ಲಿ ಅದೇ ಪ್ರಶಸ್ತಿ. ಆಮೇಲೆ ಒಂದು ಮಧ್ಯಾಹ್ನ ಸೊಸೆಯ ಕರೆ. ಅಭ್ಯಾಸದ ಆಟದ ನಡುವೆ ಯಂತ್ರ ತಾನಾಗಿಯೇ ಬಂದ್ ಆಗಿದೆ.

ನಾನು ಕರೆಂಟಿನ ಮೇಲೆ ಗುಮಾನಿ ಪಟ್ಟೆ. ಮೀಟರ್ ಹಿಡಿದು ಹೋದರೆ ವೋಲ್ಟೇಜ್ ನಿಜಕ್ಕೂ ಇಳಿದಿತ್ತು. ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಇರಲಿಲ್ಲ. ವೈರ್‌ಮನ್‌ನನ್ನು ಕರೆಸಿ ಅರ್ಥಿಂಗ್ ಹಾಕಿಸಿದೆ, ಯಂತ್ರದ ಜೊತೆ ಕೊಟ್ಟಿದ್ದ ಯುಪಿಎಸ್ ತೆಗೆದು ಅದಕ್ಕಿಂತ ದೊಡ್ಡದನ್ನು ಇಟ್ಟೆ. ಕಳ್ಳ ಸಿಕ್ಕನೆಂದುಕೊಂಡು ಮನೆಗೆ ಬಂದೆ. ನಾಲ್ಕು ದಿನಕ್ಕೆ ಮತ್ತೆ ಅದೇ ಫೋನು. ಈ ಸಲ ಆಕೆ ತಾಪ ತೋರಿಸುವ ಪರದೆಯ ಫೋಟೋ ತೆಗೆದು ಕಳಿಸಿದ್ದಳು. ಕಾರ್ಡೂ ಪ್ರೊಸೆಸರೂ ಕುದಿಯುವ ಮಟ್ಟಕ್ಕೆ ಏರಿ, ಸುಟ್ಟುಕೊಳ್ಳುವ ಬದಲು ಯಂತ್ರ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತಿತ್ತು.

ಇದು ನನಗೆ ಅರ್ಥವೇ ಆಗಲಿಲ್ಲ. ತೊಗರಿ ರಾಶಿ ನಡೆಯುತ್ತಿದ್ದ ದಿನಗಳು, ಮುಂಜಾನೆ ಸ್ವೆಟರ್ ಹಾಕಿಕೊಳ್ಳುವ ಚಳಿ. ಬೇಸಿಗೆಗೆಂದು ಮಾಡಿದ ಯಂತ್ರ ಚಳಿಗಾಲದಲ್ಲಿ ಕುದಿಯುವುದೆಂದರೇನು? ಪಂದ್ಯಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಹೊಸ ಯಂತ್ರವೆಂದು ಅಲ್ಲಿಯವರೆಗೆ ನಾನು ಅದನ್ನು ಬಿಚ್ಚಿ ನೋಡಿರಲಿಲ್ಲ. ಈಗ ಅವರ ಮನೆಯಲ್ಲೇ ನೆಲದ ಮೇಲೆ ಕುಳಿತು ಮುಂಭಾಗದ ಜಾಲರಿ ಕಿತ್ತೆ.

ಜಾಲರಿಯ ಸಣ್ಣ ತೂತುಗಳೆಲ್ಲ ಕಟ್ಟಿಹೋಗಿದ್ದವು. ಧೂಳು ನನಗೇನೂ ಹೊಸದಲ್ಲ. ರಾಶಿಯ ಕಾಲದಲ್ಲಿ ನರೋಣಾ ಕಡೆಯಿಂದ ಬರುವ ಯಂತ್ರಗಳಲ್ಲಿ ಬೊಗಸೆಗಟ್ಟಲೆ ಹೊಟ್ಟು ಸಿಗುತ್ತದೆ, ಬ್ಲೋವರ್ ಹಿಡಿದರೆ ಹಾರಿಹೋಗುತ್ತದೆ. ಇದು ಹಾರಲಿಲ್ಲ. ಕಂದು ಬಣ್ಣದ ಅಂಟು, ಅದರ ಮೇಲೆ ಕಂಬಳಿಯ ಹಾಗೆ ಕೂತ ಧೂಳು. ಫ್ಯಾನಿನ ರೆಕ್ಕೆಗಳು, ಕಾರ್ಡಿನ ತಗಡಿನ ಸಂದುಗಳು, ಎಲ್ಲದರ ಮೇಲೂ ಅದೇ ಅಂಟು. ಬೆರಳು ಮೂಗಿಗೆ ಹಿಡಿದೆ. ದರ್ಗಾದ ಮುಂದೆ ಹಾಯುವಾಗ ಬರುವ ಪರಿಮಳ. ಲೋಬಾನ! ಕೆಂಡದ ಮೇಲೆ ಉದುರಿಸುವ ಧೂಪ.

"ಅಮ್ಮಾ, ಈ ಖೋಲ್ಯಾಗ ಲೋಬಾನ ಹಾಕ್ತೀರೇನ್ರಿ?" ಎಂದು ಕೇಳಿದೆ.

ಅತ್ತೆಯ ಮುಖ ಅರಳಿತು. ಅಷ್ಟು ದಿನದಲ್ಲಿ ಅವರು ನನ್ನೊಡನೆ ಉದ್ದಕ್ಕೆ ಮಾತಾಡಿದ್ದು ಅದೇ ಮೊದಲು. "ದಿನಾ ಸಂಜಿ ಹಾಕ್ತೇನಿ ತಮ್ಮಾ. ಮೊದ್ಲ ಬಾಗಿಲಿಗಿ ಅಷ್ಟೇ ಹಿಡೀತಿದ್ದೆ. ಓಣಿ ಹೆಣ್ಮಕ್ಕಳು ಇದನ್ನ ನೋಡ್ಲಿಕ್ಕ ಬಂದು ಬಂದು ಹೋಗ್ತಾರ. ಎಲ್ಲಾರ ಕಣ್ಣೂ ಒಂದೇ ಥರ ಇರ್ತಾವೇನು? ಇದ್ರ ಮುಂದ ಕುಂದ್ರಾಕಿ ನಮ್ಮ ಸೊಸಿ. ನಜರ್ ಆದ್ರ ಆಕಿಗೇ ಆಗ್ತದ. ಅದಕ್ಕ ಇದರ ಮಾರಿ ಮುಂದೇ ಹಿಡೀತೇನಿ." ಆಮೇಲೆ ದನಿ ಇಳಿಸಿ, "ಬಾಗಿಲಿಗಿ ಹಿಡದ್ರ ಹೊಗಿ ಮ್ಯಾಲ ಹೋಗಿಬಿಡ್ತದ. ಇದ್ರ ಮುಂದ ಹಿಡದ್ರ ಎಲ್ಲಾ ಒಳಗ ಎಳ್ಕೋತದ ನೋಡ್ರಿ, ಜೀವ ಇದ್ದಂಗ. ಕಬೂಲ್ ಮಾಡ್ಕೊಂಡಂಗ, ಒಪ್ಪಿಕೊಂಡಂಗ" ಎಂದರು.

ನಾನು ಆರಿಸಿ ಆರಿಸಿ ಹಾಕಿದ ಮೂರು ಫ್ಯಾನುಗಳು ಪ್ರತಿದಿನ ಸಂಜೆ ಆ ಹೊಗೆಯನ್ನು ಚೂರೂ ಬಿಡದೆ ಒಳಗೆಳೆದು, ಯಂತ್ರದ ಎದೆಯ ತುಂಬ ಅಂಟಿಸಿದ್ದವು. ನನಗೆ ನಗುವೂ ಬಂತು, ಸಿಟ್ಟೂ ಬಂತು. ನಿಜ ಹೇಳಲು ಬಾಯಿ ತೆರೆದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಅತ್ತೆಯ ಬೆನ್ನ ಹಿಂದಿನಿಂದ ಬೇಡವೆಂದು ತಲೆ ಆಡಿಸಿದಳು. "ಅಂಗಡಿಗಿ ಒಯ್ದು ನೋಡ್ತೇನ್ರಿ" ಎಂದಷ್ಟೇ ಹೇಳಿ ಪೆಟ್ಟಿಗೆ ಎತ್ತಿಕೊಂಡು ಬಂದೆ.

ಸ್ವಲ್ಪ ಹೊತ್ತಿಗೆ ಆಕೆಯ ಫೋನ್ ಬಂತು. "ನಂಗ ವಾಸನಿ ಮ್ಯಾಲೇ ಗೊತ್ತಾಗಿತ್ತಣ್ಣಾ" ಎಂದಳು.

"ಗೊತ್ತಿದ್ದೂ ಹೇಳ್ಲಿಲ್ಲೇನ್ರಿ? ಕಾರ್ಡ್ ಸುಟ್ಟಿದ್ರ?"

"ಹ್ಯಾಂಗ್ ಹೇಳ್ಲಿ? ಅಮ್ಮಿ ನನ್ನ ಸಲುವಾಗಿ ತಾವಾಗೇ ಮಾಡೋದು ಅದೊಂದೇ ಅದ. ಅದನ್ನೂ ಬ್ಯಾಡ ಅಂದ್ರ ಮುಗೀತು. ನೀವೂ ಹೇಳಬ್ಯಾಡ್ರಿ. ಏನರ ಬ್ಯಾರೆ ದಾರಿ ಮಾಡ್ರಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸರಿ, ನಾನು ಭಾಗಗಳನ್ನು ಮತ್ತೆ ಹೊಸದಾಗಿ ಆರಿಸಲು ಕುಳಿತೆ. ಮೊದಲು ತೊಳೆಯುವ ಕೆಲಸ. ನೀರಿಗೆ ಬಗ್ಗುವ ಅಂಟಲ್ಲ ಅದು. ಬೋರ್ಡು ಒರೆಸುವ ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ಒಂದೊಂದೇ ಸಂದು ಉಜ್ಜಿದೆ. ಕಾರ್ಡಿನ ಫ್ಯಾನು ಬಿಚ್ಚಿ ತೊಳೆದು, ಬಿಸಿ ದಾಟಿಸುವ ಹಳೆಯ ಪೇಸ್ಟ್ ಕೆರೆದು ಹೊಸದು ಹಚ್ಚಿದೆ. ಮುಂದಿನ ಮೂರು ಫ್ಯಾನು ಎಸೆಯಬೇಕಾಯಿತು. ಜಾಲರಿಯ ಕ್ಯಾಬಿನೆಟ್ ಬದಿಗಿಟ್ಟು, ಮುಂಭಾಗ ಪೂರ್ತಿ ಮುಚ್ಚಿದ, ತಳದಿಂದ ಗಾಳಿ ಎಳೆಯುವ ಇನ್ನೊಂದನ್ನು ತರಿಸಿದೆ. ತಳಕ್ಕೆ ಬಟ್ಟೆಯಂಥ ಫಿಲ್ಟರು, ಕಿತ್ತು ತೊಳೆಯಬಹುದು. ಕುಲುಮೆ ಎಂದು ನಾನೇ ಹೀಗಳೆದಿದ್ದ ಜಾತಿಯ ಪೆಟ್ಟಿಗೆ. ಅದರ ಬಿಸಿ ತಗ್ಗಿಸಲು ಕಾರ್ಡಿನ ವಿದ್ಯುತ್ ಮಿತಿಯನ್ನು ಸ್ವಲ್ಪ ಇಳಿಸಿದೆ, ಆಟದ ಚಿತ್ರವೇಗವನ್ನು ಪರದೆ ತೋರಿಸಬಲ್ಲಷ್ಟಕ್ಕೇ ಕಟ್ಟಿಹಾಕಿದೆ. ಅದಕ್ಕಿಂತ ಹೆಚ್ಚು ಓಡಿದರೂ ಕಣ್ಣಿಗೆ ಸಿಗದು, ಬಿಸಿ ಮಾತ್ರ ಏರುತ್ತದೆ. ಪರೀಕ್ಷೆ ಹಚ್ಚಿ ದಿನವಿಡೀ ಬಿಟ್ಟೆ. ತಾಪ ಮೊದಲಿಗಿಂತ ತುಸು ಹೆಚ್ಚು, ಆದರೆ ಏರದೆ ಒಂದೇ ಕಡೆ ನಿಂತಿತ್ತು.

ಮನೆಗೆ ಒಯ್ದಿಟ್ಟು, "ಆ ಪೆಟ್ಟಿಗಿ ಸರಿ ಇರ್ಲಿಲ್ರಿ, ಬದಲ್ ಮಾಡೇನಿ" ಎಂದೆ. ಸುಳ್ಳೂ ಅಲ್ಲ, ಪೂರಾ ನಿಜವೂ ಅಲ್ಲ. ಸೊಸೆ ಆಡಿ ನೋಡಿದಳು, ಯಂತ್ರ ಅಲುಗಾಡಲಿಲ್ಲ. ಒಂದು ಕೆಲಸ ಮುಗಿಯಿತೆಂದು ನಾನು ಅಫಜಲಪುರದ ಶಾಲೆಯೊಂದರ ಪ್ರಿಂಟರ್ ರಿಪೇರಿಗೆ ಹೋದೆ.

ಪಂದ್ಯಕ್ಕೆ ಎರಡು ದಿನವಿರುವಾಗ ಅತ್ತೆ ಒಬ್ಬರೇ ಆಟೋ ಮಾಡಿಕೊಂಡು ನನ್ನ ಅಂಗಡಿಗೆ ಬಂದರು. ಕುರ್ಚಿ ಹಾಕಿದೆ. ಕೂತರು. ಕುಡಿಯಲು ಕೊಟ್ಟ ನೀರನ್ನು ಮುಟ್ಟಲಿಲ್ಲ.

"ತಮ್ಮಾ, ಡಬ್ಬಿ ಲೋಬಾನ ತಗೊಳ್ಳವಲ್ದು" ಎಂದರು. "ಹೊಗಿ ಹಿಡದ್ರ ಒಳಗ ಹೋಗವಲ್ದು, ನನ್ನ ಮಾರಿಗೇ ಬರಾಕತ್ತದ. ನಾಕು ಸಂಜಿ ಆತು."

"ಪೆಟ್ಟಿಗಿ ಬ್ಯಾರೆ ಅದ ಅಲ್ರಿ ಅಮ್ಮಾ."

"ಪೆಟ್ಟಿಗಿ ಬ್ಯಾರೆ ಇರಬಹುದು, ಕುಂದ್ರಾಕಿ ಆಕಿನೇ ಅಲ್ಲ? ಮೊದ್ಲ ತಗೊಂಡದ್ದು ಈಗ ಒಲ್ಲೆ ಅನ್ನಾಕತ್ತದ ಅಂದ್ರ ಏನೋ ಕೆಟ್ಟದ್ದು ಅದ. ಐತವಾರ ದೊಡ್ಡ ಆಟ ಅದ ಅಂತ. ಅವತ್ತ ಕುಂದ್ರಬ್ಯಾಡ ಅಂತ ಸೊಸಿಗಿ ಹೇಳೇನಿ. ನೀವು ಬಂದು ಅದನ್ನ ಬಂದ್ ಮಾಡಿ ಇಡ್ರಿ."

ಆ ಪಂದ್ಯಕ್ಕೆಂದೇ ಕಟ್ಟಿದ ಯಂತ್ರ, ಈಗ ಸರಿ ಇದ್ದದ್ದಕ್ಕೇ ಬಂದ್ ಆಗಬೇಕು. ಸುಲಭದ ದಾರಿಯೊಂದಿತ್ತು. ಮುಂದಿನ ತಗಡಿಗೆ ನಾಲ್ಕು ತೂತು ಕೊರೆದು ಒಂದು ಫ್ಯಾನು ಕೂಡಿಸಿದರೆ ಹೊಗೆ ಮತ್ತೆ ಒಳಗೆ ಹೋಗುತ್ತಿತ್ತು, ಪಂದ್ಯದ ಮಟ್ಟಿಗೆ ಎಲ್ಲರೂ ಖುಷಿ. ಸ್ಕ್ರೂಡ್ರೈವರ್ ಕಡೆಗೆ ಕಣ್ಣು ಹೋಯಿತು ಕೂಡ. ಆದರೆ ಅದು ರಿಪೇರಿಯಲ್ಲ, ಗಾರುಡಿ. ಇನ್ನೆರಡು ತಿಂಗಳಿಗೆ ಅದೇ ಅಂಟು, ಅದೇ ಫೋನು. ಸೊಸೆಗೆ ಕೊಟ್ಟ ಮಾತು ಒಂದು ಕಡೆ. ಇನ್ನೊಂದು ಕಡೆ, ಈ ಹೆಂಗಸು ತನ್ನ ಪ್ರೀತಿಯೇ ತಿರುಗಿ ಬಂತೆಂದು ಹೆದರಿ ಕೂತಿದ್ದರು. ನನಗೆ ಅವರ ಮೇಲೆ ಕನಿಕರ ಹುಟ್ಟಿತು.

ಒಳಗೆ ಹೋಗಿ ಹಳೆಯ ಜಾಲರಿ ತಂದೆ. ಸ್ಪಿರಿಟ್ ಸಾಲದೆ ಅದನ್ನು ಹಾಗೇ ಬಿಟ್ಟಿದ್ದೆ. "ಮುಟ್ಟಿ ನೋಡ್ರಿ ಅಮ್ಮಾ" ಎಂದು ಅವರ ಮುಂದೆ ಇಟ್ಟೆ.

ಮುಟ್ಟಿದರು. ಬೆರಳು ಅಂಟಿತು. ಮೂಗಿಗೆ ಹಿಡಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಲಿಲ್ಲ. ಆದರೂ ನಾನು ಬಿಡಿಸಿ ಹೇಳಿದೆ. ಯಂತ್ರ ಉಸಿರಾಡುವುದು ಬಿಸಿ ಕಳೆಯಲಿಕ್ಕೆ. ಅದು ಲೋಬಾನವನ್ನು ಬೇಕೆಂದು ಒಳಗೆಳೆದದ್ದೂ ಅಲ್ಲ, ಬೇಡವೆಂದು ಈಗ ಬಿಟ್ಟದ್ದೂ ಅಲ್ಲ. ಮೂಗು ಮೊದಲು ಮುಂದಿತ್ತು, ಈಗ ತಳದಲ್ಲಿದೆ, ಅಷ್ಟೇ. ಇದರಲ್ಲಿ ಶಕುನ ಯಾವುದೂ ಇಲ್ಲ.

"ಅಂದ್ರ ಮಷಿನ್ ಬಂದ್ ಬೀಳ್ತಿದ್ದದ್ದು ನನ್ನಿಂದೇನು?"

"ಹೊಗಿಯಿಂದ್ರಿ. ಜಾಲರಿ ಹಾಕಿದಾಂವ ನಾನು. ಅರ್ಧ ತಪ್ಪು ನಂದೇ ಅದ."

ಅವರು ಆ ಸಮಾಧಾನವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಸೊಸಿಗಿ ಗೊತ್ತಿತ್ತೇನು?" ಎಂದರು.

ಇದನ್ನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಕೇಳದಿರಲಿ ಎಂದು ಬೇಡಿಕೊಳ್ಳುತ್ತಲೂ ಇದ್ದೆ. "ಗೊತ್ತಿತ್ರಿ. ನಿಮಗ ಹೇಳಬ್ಯಾಡ ಅಂದಿದ್ರು. ನೀವು ಮಾಡೋದನ್ನ ಬ್ಯಾಡ ಅನ್ನಲಿಕ್ಕ ಆಕಿಗಿ ಮನಸ್ಸು ಬರ್ಲಿಲ್ಲ."

ಅತ್ತೆ ಬುರ್ಖಾದ ತುದಿಯಿಂದ ಬೆರಳು ಒರೆಸಿಕೊಂಡರು. ಅಂಟು ಹೋಗಲಿಲ್ಲ, ಮತ್ತೆ ಒರೆಸಿಕೊಂಡರು. "ಎರಡು ವರ್ಷ ಆತು ನಮ್ಮನಿಗಿ ಬಂದು" ಎಂದರು. "ತನ್ನ ಆಟ ಹಾಳಾಗಾಕತ್ತದ ಅಂತ ಗೊತ್ತಿದ್ದೂ ನನ್ನ ಮುಂದ ಬಾಯಿ ಬಿಚ್ಚಲಿಲ್ಲ ಅಂದ್ರ, ನಾ ಎಂಥ ಅತ್ತಿ ಇರಬೇಕು?" ಎದ್ದು ಹೋದರು. ಮನೆಯಲ್ಲಿ ಏನು ಹತ್ತಿ ಉರಿಯುತ್ತದೋ ಎಂದು ಆ ಸಂಜೆಯೆಲ್ಲ ನನಗೆ ಕೆಲಸ ಕೈಗೆ ಹತ್ತಲಿಲ್ಲ.

ಪಂದ್ಯದ ದಿನ, ಐತವಾರ ಬೆಳಿಗ್ಗೆ ಗಂಡನ ಫೋನ್ ಬಂತು. "ಅಮ್ಮಿ ಕರೀಲಿಕ್ಕ ಹೇಳ್ಯಾರ್ರಿ. ಆಟ ಮುಗಿಯೂತನಕ ಮಷಿನ್ ಮಗ್ಗಲಿಗಿ ಕುಂದ್ರಬೇಕಂತ." ಹೋದೆ. ಫಿಲ್ಟರ್ ಕಿತ್ತು ನೋಡಿದೆ, ಚೊಕ್ಕವಿತ್ತು. ಯುಪಿಎಸ್ಸಿನ ಬ್ಯಾಟರಿ ತುಂಬಿತ್ತು. ಅತ್ತೆ ಖೋಲಿಯ ಹೊಸ್ತಿಲ ಹೊರಗೆ ಕುರ್ಚಿ ಹಾಕಿಕೊಂಡು ಜಪಮಾಲೆ ಹಿಡಿದು ಕೂತಿದ್ದರು. ಪಕ್ಕದ ಮನೆಯವಳೊಬ್ಬಳು ಇಣುಕಿದಾಗ, "ಆಮ್ಯಾಲ ಬಾ ಬೇ, ನಮ್ಮ ಸೊಸಿ ಕೆಲಸದಾಗ ಇದ್ದಾಳ" ಎಂದು ಬಾಗಿಲಿಂದಲೇ ಸಾಗಹಾಕಿದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ಸೊಸೆಗೆ ಅದು ಕೇಳಿಸಲಿಲ್ಲ.

ಆಟದ ನಡುವೆ ಕರೆಂಟ್ ಹೋಯಿತು. ಯುಪಿಎಸ್ ಕೂಗಿತು, ಪರದೆ ಕಣ್ಣು ಮಿಟುಕಿಸಲಿಲ್ಲ. ತಾಪದ ಅಂಕಿ ತನ್ನ ಜಾಗದಿಂದ ಕದಲಲಿಲ್ಲ. ಬ್ಯಾಟರಿ ಅರ್ಧಕ್ಕೆ ಇಳಿಯುವಷ್ಟರಲ್ಲಿ ಕರೆಂಟ್ ವಾಪಸ್ ಬಂತು. ಯಂತ್ರದ ಮಟ್ಟಿಗೆ ನಾನು ಗೆದ್ದೆ. ಆದರೆ ತಂಡ ಸೋತಿತು, ಕೊನೆಯ ಸುತ್ತಿನಲ್ಲಿ, ಕೂದಲೆಳೆಯಲ್ಲಿ. ಸೊಸೆ ಹೆಡ್‌ಫೋನ್ ತೆಗೆದಿಟ್ಟಳು.

ಅತ್ತೆ ಒಳಗೆ ಬಂದರು. ಅವರು ಕೇಳಿದ್ದು ನನ್ನನ್ನು. "ಸೋತದ್ದು ಮಷಿನ್ನೋ, ನಮ್ಮ ಸೊಸಿಯೋ? ಮಷಿನ್ ಸೋತಿದ್ರ ಇದಕ್ಕಿಂತ ಛಲೋದು ಹಾಕ್ರಿ."

ದೊಡ್ಡ ಕಾರ್ಡ್ ಮಾರಲು ಇದಕ್ಕಿಂತ ಒಳ್ಳೆಯ ಗಳಿಗೆ ನನ್ನ ಧಂದೆಯಲ್ಲಿ ಮತ್ತೆ ಬರಲಿಕ್ಕಿಲ್ಲ. ಸೊಸೆಯ ಮುಖ ನೋಡಿದೆ. ಹೇಳಿಬಿಡಿ ಎಂಬಂತೆ ಇತ್ತು.

"ಮಷಿನ್ ಒಂದ್ಸಲಾನೂ ತಪ್ಪಿಲ್ರಿ ಅಮ್ಮಾ. ಸೋತದ್ದು ಆಟದಾಗ."

"ಹೌದ್ರಿ ಅಮ್ಮಿ" ಎಂದಳು ಸೊಸೆ. ಅತ್ತೆಯ ಮುಂದೆ ಆಕೆ ತಾನಾಗಿ ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನನ್ನ ಪ್ರ್ಯಾಕ್ಟೀಸ್ ಕಮ್ಮಿ ಬಿತ್ತು. ಜಾಗ ನಿಂದೇ ಅದ ಅಂತ ತಂಡದವ್ರು ಹೇಳ್ಯಾರ, ನಡುವ ಬಿಟ್ಟು ಹೋಗಲಿಲ್ಲ ಅಂತ. ಖರೇ ಅವ್ರೆಲ್ಲಾ ಮುಂಜಾನಿ ಕೂಡಿ ಆಡ್ತಾರ. ಆವಾಗ ನಾ ರೊಟ್ಟಿ ಬಡೀತಿರ್ತೇನಿ."

ಅತ್ತೆ ಜಪಮಾಲೆಯನ್ನು ಕೈಗೆ ಸುತ್ತಿಕೊಂಡರು.

"ಮುಂಜಾನಿ ರೊಟ್ಟಿ ನಾ ಬಡೀತೇನಿ" ಎಂದರು. "ಸಂಜಿಂದು ನೀನೇ ಬಡಿ. ಅದ್ರಾಗ ಬಿಡಂಗಿಲ್ಲ."